ನಂಬಿದ್ರೆ ಮಹಿಮೆ ಕಾಣುತ್ತಾ, ಇಲ್ಲ ಕಂಡ ಮೇಲೆ ನಂಬೋದಾ? (ಯೋಹಾನ 11:40 ಬಗ್ಗೆ)

ಮಕ್ಕಂದೂರು_ಮಳೆ ಕೇಳಿದ್ದು:

ಸತ್ತುಹೋಗಿದ್ದ ಲಾಜರನ ಸಮಾಧಿ ಮುಂದೆ ಯೇಸು ಅವನ ಸಹೋದರಿ ಮಾರ್ಥಳಿಗೆ ಹೇಳೋ ಮಾತು ಇಲ್ಲಿ ತುಂಬ ಜನಕ್ಕೆ ಗೊತ್ತಿರುತ್ತೆ, ನೀನು ನಂಬಿದ್ರೆ ದೇವರ ಮಹಿಮೆ ನೋಡ್ತೀಯ ಅಂತ ನಾನು ಹೇಳಿದ್ನಲ್ಲ ಅಂತ. ಸಂಡೇ ಸ್ಕೂಲಲ್ಲಿ ಈ ವಾಕ್ಯ ತಪ್ಪಿಲ್ದೆ ಹೇಳಿದ್ದಕ್ಕೆ ನಂಗೆ ಸ್ಟೀಲ್ ಲೋಟ ಪ್ರೈಜ್ ಬಂದಿತ್ತು. ಈಗ ಅದೇ ವಾಕ್ಯ ಯಾರಾದ್ರೂ ಎತ್ತಿದ್ರೆ ಎದ್ದು ಹೊರಗೆ ಹೋಗ್ಬೇಕು ಅನ್ಸುತ್ತೆ.

ವಿಷಯ ಎಂತ ಅಂದ್ರೆ 2018 ಆಗಸ್ಟಲ್ಲಿ ನಮ್ಮ ಕೊಡಗಿನ ಕಡೆ ಬರೆ (ಗುಡ್ಡದ ಇಳಿಜಾರು) ಜರಿದಾಗ ನಮ್ಮ ತೋಟ ಅರ್ಧಕ್ಕರ್ಧ ಹೋಯ್ತು, ಹಿಂದಿನ ಕೊಟ್ಟಿಗೆ, ಕಾಫಿ ಒಣಗಿಸೋ ಕಣ ಎಲ್ಲ ಕೆಸರಿನ ಅಡಿಗೆ. ಜೀವ ಉಳೀತು, ಅದು ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಆಮೇಲೆ ಒಂದು ಪ್ರಾರ್ಥನಾ ಕೂಟದಲ್ಲಿ ಒಬ್ರು ನಮ್ಮ ಅಮ್ಮನಿಗೆ ನೇರವಾಗೇ ಹೇಳಿದ್ರು, ಮನೇಲಿ ನಂಬಿಕೆ ಸಾಲದು ಸಿಸ್ಟರ್, ಅದಕ್ಕೇ ನಿಮ್ಗೆ ಮಹಿಮೆ ಕಾಣ್ಲಿಲ್ಲ, ಮೇಲಿನ ಮನೆಯವ್ರದ್ದು ಒಂದು ಹೆಂಚು ಅಲ್ಲಾಡ್ಲಿಲ್ಲ ನೋಡಿ ಅಂತ. ಅಮ್ಮ ಎದುರು ಮಾತಾಡ್ಲಿಲ್ಲ. ಇಷ್ಟು ವರ್ಷ ಆದ್ರೂ ಮಳೆ ಜೋರಾದ ರಾತ್ರಿ ಅದನ್ನೇ ಹೇಳ್ತಾ ಕೂರ್ತಾರೆ, ನಾನು ಎಲ್ಲಿ ಕಮ್ಮಿ ಮಾಡಿದೆ ಅಂತ.

ನನ್ನ ಪ್ರಶ್ನೆ ಸಿಂಪಲ್. ನಂಬಿಕೆ ಅಂದ್ರೆ ದೇವರ ಮಹಿಮೆ ನೋಡೋಕೆ ಕಟ್ಟೋ ಫೀಸಾ? ಇಷ್ಟು ಕಟ್ಟಿದ್ರೆ ಇಷ್ಟು ತೋರಿಸ್ತಾನೆ, ಕಮ್ಮಿ ಬಿದ್ರೆ ಬರೆ ಕುಸಿಯುತ್ತೆ, ಹಾಗಾ? ಮತ್ತೆ ಮೊದ್ಲೇ ನಂಬ್ಕೊಂಡು ಆಮೇಲೆ ನೋಡಿದ್ರೆ ಯಾರಿಗಾದ್ರೂ ಯಾವ್ದಾದ್ರೂ ಕಂಡೇ ಕಾಣುತ್ತಲ್ವಾ, ಅದಕ್ಕೆ ಏನು ಬೆಲೆ? ಯೇಸು ಎದ್ದು ಬಂದಿದ್ದನ್ನ ಗಾಯ ನೋಡಿ ಮುಟ್ಟದೆ ನಂಬಲ್ಲ ಅಂದ ಶಿಷ್ಯ ತೋಮ ಕೇಳಿದ್ದು ತಪ್ಪಾ? ಜಗಳ ಆಡೋಕೆ ಕೇಳ್ತಿಲ್ಲ, ನಿಜವಾಗ್ಲೂ ತಿಳ್ಕೊಬೇಕು. ಪೋಸ್ಟರ್ ತರ ವಾಕ್ಯ ಹಾಕಿ ಆಮೆನ್ ಅಂತ ಮಾತ್ರ ಬರೀಬೇಡಿ ಪ್ಲೀಸ್.


ಜೀವಜಲ_ಕುಶಾಲನಗರ:

ಬ್ರದರ್ ಮೊದ್ಲು ಅಮ್ಮನ ವಿಷಯಕ್ಕೆ ಬೇಜಾರಾಯ್ತು, ಹಾಗೆ ಹೇಳ್ಬಾರ್ದಿತ್ತು. ಆದ್ರೆ ಒಬ್ರು ಹೇಳೋ ರೀತಿ ಸರಿ ಇಲ್ಲ ಅಂತ ವಾಕ್ಯನೇ ಬಿಡೋಕಾಗಲ್ಲ ಅಲ್ವಾ. ಇಬ್ರಿಯರಿಗೆ 11:6 ನಂಬಿಕೆ ಇಲ್ದೆ ದೇವರನ್ನ ಮೆಚ್ಚಿಸೋಕೆ ಆಗಲ್ಲ ಅನ್ನುತ್ತೆ. ಮಾರ್ಕ 6ರಲ್ಲಿ ಯೇಸು ತನ್ನ ಸ್ವಂತ ಊರು ನಜರೇತಿಗೆ ಹೋದಾಗ ಅಲ್ಲಿ ಹೆಚ್ಚು ಮಹತ್ಕಾರ್ಯ ಮಾಡೋಕೆ ಆಗ್ಲಿಲ್ಲ, ಅವರ ಅಪನಂಬಿಕೆ ನೋಡಿ ಆಶ್ಚರ್ಯಪಟ್ಟ ಅಂತ ಬರೆದಿದೆ. ಇದನ್ನ ನಾವು ಬರೆದಿದ್ದಲ್ಲ. ನಂಬಿಕೆಗೂ ಮಹಿಮೆ ಕಾಣೋದಕ್ಕೂ ಸಂಬಂಧ ಇಲ್ಲ ಅಂತ ಯಾರೂ ಹೇಳಕ್ಕಾಗಲ್ಲ. ನಮ್ಮ ಸಭೆಯಲ್ಲಿ ಪ್ರತಿ ವಾರ ಸಾಕ್ಷಿ ಕೇಳ್ತೀವಿ, ದೇವರು ಇವತ್ತಿಗೂ ಕೆಲ್ಸ ಮಾಡ್ತಾನೆ. ನಿರೀಕ್ಷೆ ಇಟ್ಟು ಕೇಳೋರಿಗೆ ಕಾಣುತ್ತೆ ಅನ್ನೋದು ನನ್ನ ಅನುಭವ. ಅಮ್ಮನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ.


ಗೋಣಿಕೊಪ್ಪ_ಡೌಟು:

ಪ್ರಶ್ನೆ ಕೇಳಿದವರೇ ಉತ್ತರನೂ ಹೇಳ್ಬಿಟ್ಟಿದ್ದಾರೆ 😄 ಮೊದ್ಲೇ ನಂಬ್ಕೊಂಡು ನೋಡಿದ್ರೆ ಕಂಡೇ ಕಾಣುತ್ತೆ. ಮನೆ ಉಳಿದ್ರೆ ಮಹಿಮೆ, ಮನೆ ಹೋಗಿ ಜನ ಉಳಿದ್ರೆ ಅದೂ ಮಹಿಮೆ, ಜನ ಹೋದ್ರೆ ದೇವರ ಚಿತ್ತ. ಯಾವ ಕಡೆಯಿಂದ ಬಂದ್ರೂ ಗೆಲ್ಲೋ ಆಟ ಇದು. ಮೇಲಿನ ಮನೆ ಉಳಿದಿದ್ದು ಅದರ ಕೆಳಗೆ ಬಂಡೆ ಇತ್ತು ಅಂತ ಇರ್ಬೋದು, ನೀರು ಹರಿಯೋ ದಾರಿ ಬೇರೆ ಇತ್ತು ಅಂತ ಇರ್ಬೋದು. ಅದನ್ನ ಜಿಯಾಲಜಿ ಗೊತ್ತಿರೋರ ಹತ್ರ ಕೇಳಿ, ಪ್ರಾರ್ಥನಾ ಕೂಟದಲ್ಲಿ ಅಲ್ಲ. ಅಮ್ಮನಿಗೆ ಇಷ್ಟು ಹೇಳಿದ್ರೆ ಸಾಕು ಅಂತ ನನ್ನ ಅನಿಸಿಕೆ.


ಆನಂದಪುರ_ಮೊಮ್ಮಗ:

ಡೌಟು ಅಣ್ಣ, ಬರೆ ಯಾಕೆ ಕುಸೀತು ಅನ್ನೋದಕ್ಕೆ ನಿಮ್ಮ ಉತ್ತರ ಸರಿ. ಅಲ್ಲಿ ನಂದು ಜಗಳ ಇಲ್ಲ. ಆದ್ರೆ ಪ್ರಶ್ನೆ ಇರೋದು ಆ ವಾಕ್ಯದ ಬಗ್ಗೆ, ಹಾಗಾಗಿ ಅಧ್ಯಾಯ ಪೂರ್ತಿ ಇಟ್ಕೊಂಡು ಮಾತಾಡೋಣ. ಜನ 40ನೇ ವಾಕ್ಯ ಒಂದನ್ನೇ ಕಿತ್ತು ಗೋಡೆಗೆ ಹಾಕ್ತಾರೆ, ಹಿಂದೆ ಮುಂದೆ ಓದೋದೇ ಇಲ್ಲ, ಅದೇ ದೊಡ್ಡ ತೊಂದ್ರೆ. ಉದ್ದ ಆಗುತ್ತೆ, ಕ್ಷಮಿಸಿ.

ಮಾರ್ಥಳ ನಂಬಿಕೆ ಎಷ್ಟಿತ್ತು ಅಂತ ಮೊದ್ಲು ನೋಡಿ. 27ನೇ ವಾಕ್ಯದಲ್ಲಿ ನೀನೇ ಕ್ರಿಸ್ತ, ದೇವಕುಮಾರ ಅಂತ ದೊಡ್ಡ ಮಾತು ಹೇಳ್ತಾಳೆ. ಸರಿ. ಸಮಾಧಿ ಹತ್ರ ಬಂದು ಕಲ್ಲು ತೆಗೀರಿ ಅಂದ ತಕ್ಷಣ ಅದೇ ಮಾರ್ಥಳು ಸ್ವಾಮೀ ನಾಲ್ಕು ದಿನ ಆಯ್ತು, ಈಗ ನಾತ ಬಂದಿರುತ್ತೆ ಅಂತಾಳೆ. ಅಂದ್ರೆ ಲಾಜರ ಎದ್ದು ಬರ್ತಾನೆ ಅನ್ನೋ ನಿರೀಕ್ಷೆ ಅವಳಿಗೆ ಇರ್ಲೇ ಇಲ್ಲ! ಮನೆ ನಡೆಸೋ ಹೆಂಗಸು, ಇರೋದನ್ನ ಇದ್ದ ಹಾಗೆ ಹೇಳಿದ್ಲು. ನಂಬಿದ್ರೆ ನೋಡ್ತೀಯ ಅನ್ನೋ ಮಾತು ಬಂದಿದ್ದು ಈ ನಾತದ ಮಾತಿಗೆ ಉತ್ತರವಾಗಿ. ಈಗ ನಂಬಿಕೆ ಫೀಸು ಅಂತಾದ್ರೆ ಮಾರ್ಥಳದ್ದು ಶಾರ್ಟ್ ಬಿದ್ದಿತ್ತಲ್ವಾ, ಯೇಸು ಅಲ್ಲಿಂದ ವಾಪಸ್ ಹೋಗ್ಬೇಕಿತ್ತು. ಹೋಗ್ಲಿಲ್ಲ. ಕಲ್ಲು ತೆಗೆದ್ರು, ಲಾಜರ ಬಂದ. ಅವಳಲ್ಲಿ ಇದ್ದದ್ದು ಇಷ್ಟೇ, ಅರ್ಥ ಆಗದೇ ಇದ್ರೂ ಕಲ್ಲು ತೆಗೆಯೋದನ್ನ ತಡೀಲಿಲ್ಲ.

ಇನ್ನೊಂದು, ಇದು ನಂಗೆ ಇಡೀ ಅಧ್ಯಾಯದಲ್ಲೇ ಮುಖ್ಯ ಅನ್ಸೋದು. ಲಾಜರ ಹೊರಗೆ ಬಂದಿದ್ದನ್ನ ಅಲ್ಲಿದ್ದ ಎಲ್ರೂ ನೋಡಿದ್ರು, ನಂಬಿಕೆ ಇದ್ದೋರಿಗೆ ಮಾತ್ರ ಕಾಣೋ ಹಾಗೆ ಏನೂ ಇರ್ಲಿಲ್ಲ. 45ನೇ ವಾಕ್ಯ ನೋಡಿದೋರಲ್ಲಿ ಅನೇಕರು ನಂಬಿದ್ರು ಅನ್ನುತ್ತೆ. 46 ಕೆಲವರು ನೇರ ಫರಿಸಾಯರ (ಯೇಸುವನ್ನ ವಿರೋಧಿಸ್ತಿದ್ದ ಯೆಹೂದಿ ಧಾರ್ಮಿಕ ಪಂಗಡದವರ) ಹತ್ರ ಹೋಗಿ ಕಂಪ್ಲೇಂಟ್ ಕೊಟ್ರು ಅನ್ನುತ್ತೆ. 53ರಲ್ಲಿ ಯೇಸುವನ್ನ ಕೊಲ್ಲೋ ಪ್ಲಾನು. 12ನೇ ಅಧ್ಯಾಯಕ್ಕೆ ಬಂದ್ರೆ ಲಾಜರನನ್ನೂ ಕೊಲ್ಬೇಕು ಅಂತ ಯೋಚನೆ ಮಾಡ್ತಾರೆ, ಪಾಪ ಅವ್ನು ಈಗಷ್ಟೇ ಸತ್ತು ಎದ್ದು ಬಂದವ್ನು. ಸತ್ತವನು ನಡ್ಕೊಂಡು ಬಂದಿದ್ದನ್ನ ಕಣ್ಣಾರೆ ಕಂಡವರಿಗೂ ಮಹಿಮೆ ಕಾಣ್ಲಿಲ್ಲ ಅಂದ್ರೆ ಮಹಿಮೆ ಅನ್ನೋದು ಆ ಘಟನೆಯಷ್ಟೇ ಅಲ್ಲ ಅಂತಾಯ್ತು. ಇವನು ಯಾರು ಅನ್ನೋದು ಅದರೊಳಗೆ ಕಾಣ್ಬೇಕಿತ್ತು.

ಹಾಗಾಗಿ ಕಂಡ ಮೇಲೆ ನಂಬ್ತೀನಿ ಅನ್ನೋದೂ ಅಷ್ಟು ಈಸಿ ಇಲ್ಲ. ಅರಣ್ಯಕಾಂಡ 14:22ರಲ್ಲಿ ದೇವರೇ ಹೇಳ್ತಾನೆ, ಇವರು ಐಗುಪ್ತದಲ್ಲೂ ಅರಣ್ಯದಲ್ಲೂ ನನ್ನ ಮಹಿಮೆ ನೋಡಿದ್ದಾರೆ, ಆದ್ರೂ ನನ್ನ ಮಾತು ಕೇಳ್ಲಿಲ್ಲ ಅಂತ. ಇನ್ನೊಂದು ಕಡೆ ಸೌಲನಿಗೆ (ಆಮೇಲೆ ಪೌಲ ಅಂತ ಹೆಸರಾದವನು) ನಂಬಿಕೆ ಅನ್ನೋದೇ ಇರ್ಲಿಲ್ಲ, ವಿಶ್ವಾಸಿಗಳನ್ನ ಹಿಡ್ಕೊಂಡು ಬರೋಕೆ ದಮಸ್ಕಕ್ಕೆ ಹೊರಟಿದ್ದ, ದಾರೀಲಿ ಬೆಳಕು ಬಂದು ಬೀಳಿಸ್ತು. ಯಾವ್ದು ಮೊದ್ಲು ಯಾವ್ದು ಆಮೇಲೆ ಅನ್ನೋದಕ್ಕೆ ಬೈಬಲಲ್ಲಿ ಒಂದೇ ರೂಲ್ ಇಲ್ಲ ಮಾರಾಯ್ರೆ.

ಜೀವಜಲ ಬ್ರದರ್, ಮಾರ್ಕ 6:5 ಪೂರ್ತಿ ಓದಿ. ಕೆಲವು ರೋಗಿಗಳ ಮೇಲೆ ಕೈ ಇಟ್ಟು ವಾಸಿ ಮಾಡಿದ ಅಂತ ಅದೇ ವಾಕ್ಯದಲ್ಲಿ ಇದೆ. ಯೋಹಾನ 5ರಲ್ಲಿ ಕೊಳದ ಪಕ್ಕ 38 ವರ್ಷ ಕಾಯಿಲೆ ಇದ್ದವನು ವಾಸಿ ಆದ, ಯಾರು ವಾಸಿ ಮಾಡಿದ್ದು ಅಂತ ಕೇಳಿದ್ರೆ ಅವನಿಗೆ ಹೆಸರು ಕೂಡ ಗೊತ್ತಿರ್ಲಿಲ್ಲ. ಯಾವ ಫೀಸ್ ಕಟ್ಟಿದ್ದ ಅವ್ನು?


ವಿರಾಜಪೇಟೆ_ಟೀಚರ್:

ಮಕ್ಕಂದೂರಿನವರೇ, ನಿಮ್ಮ ಅಮ್ಮನಿಗೆ ಮೊದ್ಲು ಲೂಕ 13:4 ಓದಿ ಹೇಳಿ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿರ್ತಾರೆ. ಅವರು ಜೆರುಸಲೇಮಿನಲ್ಲಿ ಇದ್ದ ಬೇರೆ ಎಲ್ರಿಗಿಂತ ದೊಡ್ಡ ಪಾಪಿಗಳಾಗಿದ್ರು ಅಂತ ತಿಳ್ಕೊಂಡಿದ್ದೀರಾ ಅಂತ ಯೇಸುವೇ ಕೇಳಿ ಯೇಸುವೇ ಇಲ್ಲ ಅಂತ ಉತ್ತರ ಕೊಡ್ತಾರೆ. ಆ ಕೂಟದಲ್ಲಿ ಮಾತಾಡಿದವರು ಬುರುಜಿನ ಜಾಗಕ್ಕೆ ಬರೆ ಹಾಕಿ ಯೇಸು ಇಲ್ಲ ಅಂದಿದ್ದನ್ನೇ ಹೌದು ಅಂದಿದ್ದಾರೆ. ಇಷ್ಟು ಸ್ಪಷ್ಟವಾಗಿ ಬರೆದಿರೋದನ್ನ ಬಿಟ್ಟು ಜನ ತಮ್ಮ ಲೆಕ್ಕ ತಾವೇ ಹಾಕ್ತಾರಲ್ಲ ಅಂತ ನಂಗೆ ಕೋಪ ಬರುತ್ತೆ.

ನಾನು ಕಥೋಲಿಕಳು, ನಮ್ಮ ಊರಿನ ಸಂತ ಅನ್ನಮ್ಮನವರ ಚರ್ಚು ಶುರುವಾಗಿದ್ದು 1792ರಲ್ಲಿ. ಅದರ ಹಿಂದಿನ ಕತೆ ಹೊಸಬರಿಗೆ ಗೊತ್ತಿಲ್ಲ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನ ಟಿಪ್ಪು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸ್ಕೊಂಡು ಹೋದ, ದಾರೀಲೇ ತುಂಬ ಜನ ಸತ್ರು, ಅಲ್ಲಿಂದ ತಪ್ಪಿಸ್ಕೊಂಡು ಬಂದ ಕೆಲವು ಕುಟುಂಬಗಳಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಲ್ಲಿ ಜಾಗ ಕೊಟ್ಟ. ಇದನ್ನ ಯಾರ ಮೇಲೋ ದ್ವೇಷ ಹುಟ್ಟಿಸೋಕೆ ಹೇಳ್ತಿಲ್ಲ, ಆ ವಾದಕ್ಕೆ ಇಲ್ಲಿ ಎಡೆ ಕೊಡಬೇಡಿ ದಯವಿಟ್ಟು. ನಾನು ಕೇಳೋದು ಇಷ್ಟೇ, ದಾರೀಲಿ ಸತ್ತವರಿಗೆ ನಂಬಿಕೆ ಕಮ್ಮಿ ಇತ್ತಾ? ಬದುಕಿ ವಿರಾಜಪೇಟೆ ಸೇರಿದವರಿಗೆ ಜಾಸ್ತಿ ಇತ್ತಾ? ಹಾಗಂತ ಹೇಳೋ ಧೈರ್ಯ ಯಾರಿಗಿದೆ?

ಇಬ್ರಿಯರಿಗೆ 11ನ್ನ ಅರ್ಧಕ್ಕೇ ನಿಲ್ಲಿಸ್ತಾರೆ ಜನ. ನಂಬಿಕೆಯಿಂದ ಸಿಂಹಗಳ ಬಾಯಿ ಕಟ್ಟಿದರು, ಬೆಂಕಿ ಆರಿಸಿದರು ಅಂತ ಬರುತ್ತೆ, ಅಲ್ಲಿಗೆ ಎಲ್ರೂ ಚಪ್ಪಾಳೆ. 35ನೇ ವಾಕ್ಯದ ಮಧ್ಯದಿಂದ ಕತೆ ತಿರುಗುತ್ತೆ. ಕೆಲವರನ್ನ ಚಿತ್ರಹಿಂಸೆ ಮಾಡಿದ್ರು, ಕಲ್ಲೆಸೆದು ಕೊಂದ್ರು, ಗರಗಸದಿಂದ ಕೊಯ್ದ್ರು, ಕುರಿ ಆಡಿನ ಚರ್ಮ ಉಟ್ಕೊಂಡು ಗುಹೆಗಳಲ್ಲಿ ಅಲೆದ್ರು. ಇವರೆಲ್ರೂ ನಂಬಿಕೆಯಿಂದಲೇ ಒಳ್ಳೆ ಸಾಕ್ಷಿ ಪಡೆದವರು, ಆದ್ರೂ ವಾಗ್ದಾನ ಮಾಡಿದ್ದು ಅವರಿಗೆ ಸಿಗ್ಲಿಲ್ಲ ಅಂತ 39ರಲ್ಲಿ ಇದೆ. ಎರಡೂ ಗುಂಪಿನವರದ್ದು ಒಂದೇ ನಂಬಿಕೆ.

ನಮ್ಮ ಸಂಪ್ರದಾಯದಲ್ಲಿ ಮಧ್ಯಯುಗದ ದೇವಶಾಸ್ತ್ರಜ್ಞ ಸಂತ ತೋಮಸ್ ಅಕ್ವಿನಾಸರು ಇದನ್ನ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಈ ಲೋಕದಲ್ಲಿ ಇರೋದು ನಂಬಿಕೆಯ ಬೆಳಕು, ದೇವರನ್ನ ಇದ್ದ ಹಾಗೆ ನೋಡೋಕೆ ಬೇಕಾದ ಮಹಿಮೆಯ ಬೆಳಕು ಪರಲೋಕದಲ್ಲಿ ದೇವರೇ ಕೊಡೋದು, ಅದು ಬಂದಾಗ ನಂಬಿಕೆಯ ಕೆಲ್ಸ ಮುಗೀತು. ಪೌಲರು ಈಗ ಕನ್ನಡಿಯಲ್ಲಿ ಮಬ್ಬಾಗಿ ನೋಡ್ತೀವಿ, ಆಗ ಮುಖಾಮುಖಿ ಅಂತ ಕೊರಿಂಥದವರಿಗೆ ಬರೆದಿದ್ದೂ ಇದನ್ನೇ. ಹಾಗಾಗಿ ನಂಗೆ ಏನೂ ಕಾಣ್ತಿಲ್ಲ ಅನ್ನೋರಿಗೆ ನಂಬಿಕೆ ಇಲ್ಲ ಅನ್ನೋದು ತೀರಾ ತಪ್ಪು. ಕಾಣದೇ ಇರೋದ್ರಿಂದಲೇ ಅದು ನಂಬಿಕೆ. ಮದರ್ ತೆರೆಸಾ ತಮ್ಮ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪ್ರಕಟ ಆದಾಗ ಎಷ್ಟೋ ಜನ ಗಾಬರಿ ಆದ್ರು, ಯಾಕಂದ್ರೆ ದಶಕಗಳ ಕಾಲ ಅವರಿಗೆ ಒಳಗೆ ಬರೀ ಕತ್ತಲೆ, ದೇವರು ಇದ್ದಾನೆ ಅನ್ನೋ ಅನುಭವವೇ ಇರ್ಲಿಲ್ಲ ಅಂತ ಅವರೇ ಬರ್ಕೊಂಡಿದ್ರು. ಆದ್ರೂ ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡಿ ಕಲ್ಕತ್ತಾದ ಬೀದಿಗೆ ಹೋಗ್ತಿದ್ರು. 2016ರಲ್ಲಿ ಸಂತ ಪದವಿ ಕೊಡುವಾಗ ಚರ್ಚಿಗೆ ಆ ಕತ್ತಲೆ ಗೊತ್ತಿತ್ತು, ಅದು ಅಡ್ಡ ಬರ್ಲಿಲ್ಲ.


ಗೋಣಿಕೊಪ್ಪ_ಡೌಟು:

ಟೀಚರ್ ನೀವು ಹೇಳಿದ್ದು ಓದಿ ಖುಷಿ ಆಯ್ತು, ವ್ಯಂಗ್ಯ ಅಲ್ಲ. ಆದ್ರೆ ನನ್ನ ಪ್ರಶ್ನೆ ಹಾಗೇ ಉಳೀತು. ಅನುಭವ ಆದ್ರೂ ನಂಬಿಕೆ, ಆಗದಿದ್ರೂ ನಂಬಿಕೆ. ಹಾಗಾದ್ರೆ ಇದು ಸುಳ್ಳು ಅಂತ ಯಾವಾಗ್ಲಾದ್ರೂ ಗೊತ್ತಾಗೋಕೆ ಚಾನ್ಸೇ ಇಲ್ವಲ್ಲ?


ನಾಪೋಕ್ಲು_ಕಾಫಿ:

ನಾನು ಕ್ರಿಶ್ಚಿಯನ್ ಅಲ್ಲ, ಥ್ರೆಡ್ ಚೆನ್ನಾಗಿದೆ ಅಂತ ಓದ್ತಾ ಬಂದೆ. ಮಧ್ಯೆ ಬಾಯಿ ಹಾಕಬಹುದು ತಾನೇ?

ನಮ್ಮಲ್ಲೂ ಇದೇ ವಿಷಯ ಇದೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಕುಂಡಿಕೆ ಹತ್ರ ನಿಂತ್ರೆ ತೀರ್ಥೋದ್ಭವ ಆಗೋ ಹೊತ್ತಿಗೆ ಪಕ್ಕದಲ್ಲಿ ನಿಂತ ಅಜ್ಜಿ ಕಣ್ಣೀರು ಹಾಕ್ತಿರ್ತಾರೆ, ಅವರ ಹಿಂದೆ ನಿಂತ ಹುಡುಗ ಅಷ್ಟೇನಾ ಅಂತ ಮೊಬೈಲ್ ಜೇಬಿಗೆ ಹಾಕ್ತಾನೆ. ನೀರು ಇಬ್ರಿಗೂ ಒಂದೇ. ಗೀತೆ 11ನೇ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ನಿನ್ನ ಈ ಕಣ್ಣಲ್ಲಿ ನನ್ನನ್ನ ನೋಡೋಕೆ ಆಗಲ್ಲ, ದಿವ್ಯದೃಷ್ಟಿ ಕೊಡ್ತೀನಿ ಅಂತಾನೆ, ಆಮೇಲೆ ವಿಶ್ವರೂಪ ಕಂಡಿದ್ದು. ಅದಕ್ಕೂ ಮೊದ್ಲು ಸಂಧಾನಕ್ಕೆ ಹೋದಾಗ ಕೌರವರ ಸಭೆಯಲ್ಲೂ ವಿಶ್ವರೂಪ ತೋರಿಸಿದ್ದಾನೆ, ದುರ್ಯೋಧನನ ಮನಸ್ಸು ಬದಲಾಯ್ತಾ? ಇಲ್ಲ, ಯುದ್ಧ ನಡೆದೇ ನಡೀತು. ಆನಂದಪುರದವರು ಲಾಜರನ ಬಗ್ಗೆ ಬರೆದಿದ್ದು ಓದಿದಾಗ ನಂಗೆ ಅದೇ ನೆನಪಾಯ್ತು. ನೋಡೋ ಕಣ್ಣನ್ನೂ ದೇವರೇ ಕೊಡ್ಬೇಕು, ಕ್ರಿಶ್ಚಿಯಾನಿಟಿಯಲ್ಲೂ ಅಷ್ಟೇ ಅಲ್ವಾ? ಇಲ್ಲ ಬೇರೆ ಏನಾದ್ರೂ ಇದ್ಯಾ?


ಆನಂದಪುರ_ಮೊಮ್ಮಗ:

ಅಣ್ಣ ನಿಮ್ಮ ದುರ್ಯೋಧನನ ಉದಾಹರಣೆ ನಮ್ಮ ಸಂಡೇ ಸ್ಕೂಲಿಗೇ ತಗೊಂಡು ಹೋಗ್ಬೇಕು ಅನ್ಸ್ತು, ಅಷ್ಟು ಚೆನ್ನಾಗಿದೆ.

ಕಣ್ಣನ್ನೂ ದೇವರೇ ಕೊಡ್ಬೇಕು ಅನ್ನೋದು ಹೌದು, 2 ಕೊರಿಂಥ 4:6ರಲ್ಲಿ ಪೌಲ ಹಾಗೇ ಬರೀತಾನೆ, ಕತ್ತಲೆಯಿಂದ ಬೆಳಕು ಬರ್ಲಿ ಅಂದ ದೇವರೇ ನಮ್ಮ ಹೃದಯದಲ್ಲಿ ಹೊಳೆದ ಅಂತ. ಆದ್ರೆ ಅದೇ ವಾಕ್ಯದ ಕೊನೆ ನೋಡಿ. ಎಲ್ಲಿ ಕಾಣುತ್ತೆ ಆ ಮಹಿಮೆ? ಕ್ರಿಸ್ತನ ಮುಖದಲ್ಲಿ. ನಂಗೆ ತಿಳಿದ ಮಟ್ಟಿಗೆ ದಾರಿ ಬೇರೆ ಆಗೋದು ಇಲ್ಲಿ. ವಿಶ್ವರೂಪ ಕಂಡು ಅರ್ಜುನ ನಡುಗಿದ, ಅಷ್ಟು ದೊಡ್ಡದು, ಅಷ್ಟು ಪ್ರಕಾಶ. ಬೈಬಲಲ್ಲೂ ಆ ತರದ್ದು ಇದೆ, ಸೀನಾಯಿ ಬೆಟ್ಟದ ಮೇಲೆ ಬೆಂಕಿ ಹೊಗೆ, ಯೆಶಾಯನ ದರ್ಶನ, ಮೋಶೆ ನಿನ್ನ ಮಹಿಮೆ ತೋರ್ಸು ಅಂತ ಕೇಳಿದಾಗ ನನ್ನ ಮುಖ ನೋಡಿ ಮನುಷ್ಯ ಬದುಕಲ್ಲ ಅಂತ ಬಂಡೆ ಸಂದಿನಲ್ಲಿ ನಿಲ್ಲಿಸಿ ಕೈ ಮುಚ್ಚಿ ದಾಟಿ ಹೋಗಿದ್ದು. ಯೋಹಾನ ಮಾತ್ರ ತನ್ನ ಸುವಾರ್ತೆಯಲ್ಲಿ ಒಂದು ವಿಚಿತ್ರ ಕೆಲ್ಸ ಮಾಡ್ತಾನೆ. 12:23ರಲ್ಲಿ ಯೇಸು ಮನುಷ್ಯಕುಮಾರ ಮಹಿಮೆ ಹೊಂದೋ ಗಳಿಗೆ ಬಂತು ಅಂತಾನೆ. ಆಹಾ ಈಗ ಸಿಂಹಾಸನ ಬರುತ್ತೆ ಅಂದ್ಕೊಂಡ್ರೆ ಮುಂದಿನ ವಾಕ್ಯದಲ್ಲೇ ಗೋಧಿ ಕಾಳು ಭೂಮಿಗೆ ಬಿದ್ದು ಸಾಯೋ ಮಾತು, ಸ್ವಲ್ಪ ಕೆಳಗೆ ತಾನು ಯಾವ ತರ ಸಾಯ್ತೀನಿ ಅನ್ನೋದರ ಸೂಚನೆ. ಶಿಷ್ಯ ಯೂದ ಯೇಸುವನ್ನ ಹಿಡ್ಕೊಡೋಕೆ ರಾತ್ರಿ ಎದ್ದು ಹೊರಗೆ ಹೋದ ತಕ್ಷಣ ಈಗ ಮನುಷ್ಯಕುಮಾರನಿಗೆ ಮಹಿಮೆ ಆಯ್ತು ಅಂತಾನೆ, 13:31. ಅಂದ್ರೆ ಯೋಹಾನನ ಪ್ರಕಾರ ಮಹಿಮೆ ಪೂರ್ತಿ ತೆರೆದು ಕಂಡಿದ್ದು ಶಿಲುಬೆಯಲ್ಲಿ. ರೋಮನ್ನರು ಗುಲಾಮರಿಗೂ ದಂಗೆಕೋರರಿಗೂ ಕೊಡ್ತಿದ್ದ ಶಿಕ್ಷೆಯಲ್ಲಿ!

ಈಗ ಹೇಳಿ, ಅದನ್ನ ಬರೀ ಕಣ್ಣಲ್ಲಿ ನೋಡಿದ್ರೆ ಯಾರಿಗೆ ಮಹಿಮೆ ಅನ್ಸುತ್ತೆ? ಆವತ್ತು ಅಲ್ಲಿ ನಿಂತಿದ್ದ ಸೈನಿಕರು ಬಟ್ಟೆಗೆ ಚೀಟಿ ಹಾಕ್ತಾ ಕೂತಿದ್ರು. ಬಂಗಾರದ ರಥದಲ್ಲಿ ಬಂದವನನ್ನ ದೇವರು ಅನ್ನೋಕೆ ನಂಬಿಕೆ ಬೇಡ ಸ್ವಾಮಿ, ಕಣ್ಣು ಸಾಕು. ಮಹಿಮೆ ಇರ್ಬಾರ್ದು ಅಂತ ನಾವು ಅಂದ್ಕೊಂಡ ಜಾಗದಲ್ಲೇ ಅದು ಇರೋದ್ರಿಂದ ನಂಬಿಕೆ ಬೇಕಾಗೋದು. ಇಲ್ಲದೇ ಇರೋದನ್ನ ಇದೆ ಅಂತ ಕಲ್ಪನೆ ಮಾಡ್ಕೊಳೋ ಕೆಲ್ಸ ಅದರದ್ದಲ್ಲ. ಮಕ್ಕಂದೂರು ಬ್ರದರ್, ಹಾಗಾಗಿ ಮೇಲಿನ ಮನೆಯ ಹೆಂಚಲ್ಲಿ ಮಹಿಮೆ ಹುಡುಕಿದವರು ಯೋಹಾನನನ್ನ ಓದಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಕೊಟ್ಟಿಗೆ ಹೋದ ಮನೇಲಿ ದೇವರು ಇಲ್ಲ ಅನ್ನೋ ಲೆಕ್ಕದಲ್ಲಿ ಶಿಲುಬೆಯಲ್ಲೂ ಇರ್ಲಿಲ್ಲ ಅನ್ಬೇಕಾಗುತ್ತೆ.

ನಮ್ಮ ಆನಂದಪುರ ಜರ್ಮನ್ ಮಿಷನರಿ ಮೊಗ್ಲಿಂಗ್ ಅಯ್ಯನವರ ಕಾಲದ್ದು, 1850ರ ದಶಕ. ಮಂಗಳೂರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಅದೇ ಮೊಗ್ಲಿಂಗ್. ಇಲ್ಲಿ ಮೊದ್ಲು ಸೇರಿದ ಕುಟುಂಬಗಳು ಬೇರೆಯವರ ಗದ್ದೆಯಲ್ಲಿ ಜೀತ ಮಾಡ್ತಿದ್ದವರು. ಅವರಿಗೆ ಯಾರೂ ಬಂಗಾರದ ರಥ ತೋರಿಸ್ಲಿಲ್ಲ. ಗುಲಾಮನ ಸಾವು ಸತ್ತವನು ದೇವರು ಅಂತ ಹೇಳಿದ್ರು, ಅದು ಅವರಿಗೆ ಬೇಗ ಅರ್ಥ ಆಗಿರ್ಬೇಕು ಅಂತ ನಂಗೆ ಅನ್ಸೋದು, ಗದ್ದೆ ಯಜಮಾನರಿಗಿಂತ ಬೇಗ.


ಜೀವಜಲ_ಕುಶಾಲನಗರ:

ಬ್ರದರ್ ಶಿಲುಬೆ ಸರಿ, ಪುನರುತ್ಥಾನ ಎಲ್ಲಿ ಬಿಟ್ರಿ? ಲಾಜರ ಎದ್ದಿದ್ದೂ ನಿಜ, ಯೇಸು ಎದ್ದಿದ್ದೂ ನಿಜ. ಬರೀ ನೋವಿನಲ್ಲೇ ಮಹಿಮೆ ಅಂತ ನಿಲ್ಲಿಸಿದ್ರೆ ಜನ ದೇವರ ಹತ್ರ ಕೇಳೋದನ್ನೇ ಬಿಡ್ತಾರೆ. ಕಾಯಿಲೆ ಬಿದ್ದವನಿಗೆ ನಿನ್ನ ಕಾಯಿಲೇಲೇ ಮಹಿಮೆ ಇದೆ ಅಂತ ಹೇಳಿ ಎದ್ದು ಬರೋಕಾಗುತ್ತಾ? ನಾನಂತೂ ಕೈ ಇಟ್ಟು ಪ್ರಾರ್ಥನೆ ಮಾಡೇ ಮಾಡ್ತೀನಿ.


ಆನಂದಪುರ_ಮೊಮ್ಮಗ:

ಮಾಡಿ, ನಾನೂ ಮಾಡ್ತೀನಿ. ಪೌಲ ತನ್ನ ಶರೀರದಲ್ಲಿದ್ದ ಮುಳ್ಳು ತೆಗಿ ಅಂತ ಮೂರು ಸಲ ಕೇಳ್ಕೊಂಡ, ತೆಗೀಲಿಲ್ಲ, ನನ್ನ ಕೃಪೆ ನಿಂಗೆ ಸಾಕು ಅಂತ ಉತ್ತರ ಬಂತು. ಕೇಳಿದ್ದು ತಪ್ಪಲ್ಲ. ಸಿಗದೇ ಹೋದವನಿಗೆ ನಿಂಗೆ ನಂಬಿಕೆ ಇಲ್ಲ ಅನ್ನೋದು ತಪ್ಪು. ಪೌಲನಿಗೆ ಹಾಗೆ ಹೇಳ್ತೀರಾ ನೀವು?


ಜೀವಜಲ_ಕುಶಾಲನಗರ:

ಇಲ್ಲ ಹೇಳಲ್ಲ. ಆದ್ರೆ ಮಾರ್ಕ 6 ವಿಷಯದಲ್ಲಿ ನಾನು ಒಪ್ಪಲ್ಲ, ಅಪನಂಬಿಕೆ ತಡೆ ಹಾಕುತ್ತೆ ಅಂತ ಸ್ಪಷ್ಟ ಇದೆ.


ಮಕ್ಕಂದೂರು_ಮಳೆ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ, ಮಧ್ಯೆ ಮಧ್ಯೆ ಕರೆಂಟ್ ಹೋಗಿ ಬಂದು ಮಾಡ್ತಿತ್ತು ಈಗ ಪೂರ್ತಿ ಓದಿದೆ. ಮಾರ್ಥಳ ನಾತದ ಮಾತು ನಂಗೆ ತಟ್ಟಿತು, ಅಷ್ಟು ಸಲ ಬಾಯಿಪಾಠ ಒಪ್ಪಿಸಿದ್ರೂ 39ನೇ ವಾಕ್ಯ ನಮ್ಗೆ ಯಾರೂ ಹೇಳೇ ಇರ್ಲಿಲ್ಲ.

ಆದ್ರೆ ಡೌಟು ಅವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಂಗೂ ಅದೇ ಕಾಡ್ತಿದೆ. ತಪ್ಪು ಅಂತ ಗೊತ್ತಾಗೋಕೆ ದಾರಿನೇ ಇಲ್ಲದ ನಂಬಿಕೆ ನಂಬಿಕೆನಾ? ತೋಮನದ್ದೂ ಹೇಳಿಲ್ಲ ನೀವು.


ವಿರಾಜಪೇಟೆ_ಟೀಚರ್:

ತೋಮನ ಬಗ್ಗೆ ಹೇಳ್ತೀನಿ. ಸಂದೇಹದ ತೋಮ ಅಂತ ಹೆಸರಿಟ್ಟು ಅವನಿಗೆ ತುಂಬ ಅನ್ಯಾಯ ಮಾಡಿದ್ದೀವಿ. ಬೇರೆ ಶಿಷ್ಯರಿಗೆ ಯೇಸು ಮೊದ್ಲೇ ಕೈಯನ್ನೂ ಪಕ್ಕೆಯನ್ನೂ ತೋರ್ಸಿ ಆಗಿತ್ತು, ಆವತ್ತು ತೋಮ ಅಲ್ಲಿರ್ಲಿಲ್ಲ ಅಷ್ಟೇ. ಅವನು ಕೇಳಿದ್ದು ಉಳಿದವರಿಗೆ ಸಿಕ್ಕಿದ್ದನ್ನೇ. ಯೇಸು ಬೈದು ಓಡಿಸ್ಲಿಲ್ಲ, ಎಂಟು ದಿನ ಬಿಟ್ಟು ಬಂದು ಕೈ ಚಾಚು ಅಂದ್ರು. ನೋಡದೆ ನಂಬಿದವರು ಧನ್ಯರು ಅಂದಿದ್ದು ನಿಜ, ಅದು ಆಮೇಲೆ ಬರೋ ನಮ್ಮಂಥವರಿಗೆ, ತೋಮನಿಗೆ ಶಿಕ್ಷೆ ಅಲ್ಲ. ಗಮನಿಸ್ಬೇಕಾದ್ದು ಇನ್ನೊಂದು ಇದೆ. ಎದ್ದು ಬಂದ ಮೇಲೂ ಆ ಮೊಳೆ ಗಾಯಗಳು ಹೋಗಿರ್ಲಿಲ್ಲ. ನನ್ನ ಕರ್ತನೇ ನನ್ನ ದೇವರೇ ಅಂತ ತೋಮ ಹೇಳಿದ್ದು ಗಾಯ ನೋಡಿ. ಪುನರುತ್ಥಾನ ಬಿಟ್ರಿ ಅಂದ ಬ್ರದರಿಗೂ ಇದೇ ನನ್ನ ಉತ್ತರ, ಎರಡನ್ನ ಬೇರೆ ಮಾಡೋಕಾಗಲ್ಲ.

ಡೌಟು ಅವರ ಪ್ರಶ್ನೆಗೆ ನನ್ನ ಹತ್ರ ಇರೋದು ಅರ್ಧ ಉತ್ತರ. ಅಮೆರಿಕದ ಜೊನಾಥನ್ ಎಡ್ವರ್ಡ್ಸ್ ಅನ್ನೋ ಬೋಧಕರು, ಪ್ರೊಟೆಸ್ಟೆಂಟ್, ನಮ್ಮವರಲ್ಲ, ಆದ್ರೂ ಒಳ್ಳೆ ಮಾತಿಗೆ ಪಂಗಡ ಎಂತಕ್ಕೆ, 1734ರಲ್ಲಿ ಪ್ರಕಟ ಆದ ಒಂದು ಪ್ರಸಂಗದಲ್ಲಿ ಜೇನು ಸಿಹಿ ಅಂತ ಕೇಳಿ ತಿಳ್ಕೊಂಡಿರೋದು ಬೇರೆ, ನಾಲಿಗೆ ಮೇಲೆ ಇಟ್ಕೊಂಡು ತಿಳಿಯೋದು ಬೇರೆ, ದೇವರ ಮಹಿಮೆಯೂ ಹಾಗೇ ಅಂದ್ರು. ಕೊಡಗಿನವರಿಗೆ ಜೇನಿನ ಬಗ್ಗೆ ಪಾಠ ಬೇಡ, 90ರ ದಶಕದಲ್ಲಿ ರೋಗ ಬಂದು ಜೇನು ಪೆಟ್ಟಿಗೆಗಳೆಲ್ಲ ಖಾಲಿ ಆಗೋಕೆ ಮುಂಚೆ ಮನೆ ಮನೇಲಿ ಇತ್ತು.


ಗೋಣಿಕೊಪ್ಪ_ಡೌಟು:

ಟೀಚರ್, ಜೇನನ್ನ ನಂಗೂ ಒಂದು ಚಮಚ ಕೊಟ್ಟು ನೋಡು ಅನ್ಬಹುದು. ಕಲಬೆರಕೆ ಇದ್ರೆ ಲ್ಯಾಬಲ್ಲಿ ಗೊತ್ತಾಗುತ್ತೆ. ಇಲ್ಲಿ ಅದಾಗಲ್ವಲ್ಲ.


ವಿರಾಜಪೇಟೆ_ಟೀಚರ್:

ಲ್ಯಾಬ್ ಇಲ್ಲ, ಒಪ್ಪಿದೆ. ಅದಕ್ಕೇ ಅರ್ಧ ಉತ್ತರ ಅಂದಿದ್ದು. ಆದ್ರೆ ಕಲಬೆರಕೆ ಕಂಡುಹಿಡಿಯೋಕೆ ದಾರಿನೇ ಇಲ್ಲ ಅನ್ನೋದನ್ನ ಒಪ್ಪಲ್ಲ. ಯೇಸು ಫಲದಿಂದ ಮರ ತಿಳಿಯುತ್ತೆ ಅಂದ್ರು. ದೇವರ ಮಹಿಮೆ ಕಂಡೆ ಅನ್ನೋ ಮನುಷ್ಯ ವರ್ಷ ಕಳೆದ ಹಾಗೆ ಮೆತ್ತಗಾಗ್ತಾನಾ ಬಿಗಿಯಾಗ್ತಾನಾ, ಮನೆ ಕಳ್ಕೊಂಡ ಹೆಂಗಸಿನ ಹತ್ರ ಏನು ಮಾತಾಡ್ತಾನೆ, ಅದನ್ನ ನೀವೂ ನೋಡಬಹುದು, ಅದಕ್ಕೆ ನಂಬಿಕೆ ಬೇಕಿಲ್ಲ. ಆ ಕೂಟದಲ್ಲಿ ಮಾತಾಡಿದವರನ್ನ ಮಕ್ಕಂದೂರಿನ ಈ ಹುಡುಗ ಆ ಲೆಕ್ಕದಲ್ಲಿ ಈಗಾಗ್ಲೇ ತೂಗಿ ನೋಡಿಯಾಗಿದೆ. ಪೌಲರು ಕ್ರಿಸ್ತನೇ ಎದ್ದು ಬಂದಿಲ್ಲ ಅಂದ್ರೆ ನಮ್ಮ ನಂಬಿಕೆ ವ್ಯರ್ಥ ಅಂತ 1 ಕೊರಿಂಥ 15ರಲ್ಲಿ ನೇರವಾಗಿ ಬರೆದಿದ್ದಾರೆ, ಅಂದ್ರೆ ತಪ್ಪಾಗೋ ಸಾಧ್ಯತೆಯನ್ನ ಅವರೇ ಮೇಜಿನ ಮೇಲೆ ಇಟ್ಟಿದ್ದಾರೆ. ಅಲ್ಲಿಂದಾಚೆ ನಿಮ್ಮನ್ನ ಒಪ್ಪಿಸೋದು ನನ್ನ ಕೈಲಿ ಇಲ್ಲ.


ಗೋಣಿಕೊಪ್ಪ_ಡೌಟು:

ಸರಿ ಟೀಚರ್. 1 ಕೊರಿಂಥ 15 ಓದ್ತೀನಿ, ಓದಿ ಜಗಳಕ್ಕೆ ಬರ್ತೀನಿ 🙂


ನಾಪೋಕ್ಲು_ಕಾಫಿ:

ಮಕ್ಕಂದೂರಿನವ್ರೇ ತೋಟದ್ದು ಈಗ ಹೇಗಿದೆ? ಜರಿದ ಜಾಗದಲ್ಲಿ ಏನಾದ್ರೂ ಹಾಕಿದ್ರಾ?


ಮಕ್ಕಂದೂರು_ಮಳೆ:

ಮೇಲ್ಮಣ್ಣೇ ಇಲ್ಲ ಅಣ್ಣ ಅಲ್ಲಿ, ಸಿಲ್ವರ್ ಓಕ್ ಮರ ನೆಟ್ಟಿದ್ದು ಕೆಲವು ನಿಂತಿದೆ, ಕಾಫಿ ಇನ್ನೂ ಹಾಕಿಲ್ಲ. ಉಳಿದ ಕಡೆ ಈ ಸಲ ಹೂಮಳೆ ಚೆನ್ನಾಗಿ ಆಯ್ತು.

ಟೀಚರ್ ಹೇಳಿದ ಹಾಗೆ ಅಮ್ಮನಿಗೆ ಲೂಕ 13 ಓದಿ ಹೇಳಿದೆ. ಇದು ಬೈಬಲಲ್ಲೇ ಇದ್ಯಾ ಅಂತ ಪುಸ್ತಕ ಇಸ್ಕೊಂಡು ಕನ್ನಡಕ ಹಾಕ್ಕೊಂಡು ಅವರೇ ಓದಿದ್ರು. ಆಮೇಲೆ ಕೇಳಿದ್ರು, ಆ ಹದಿನೆಂಟು ಜನರ ಮನೆಯವ್ರು ಆಮೇಲೆ ಎಂತ ಮಾಡಿದ್ರಂತೆ, ಅವರ ಹತ್ರ ಯೇಸು ಹೋದ್ರಾ ಅಂತ. ಇದಕ್ಕೆ ಎಂತ ಹೇಳ್ಲಿ?


ಆನಂದಪುರ_ಮೊಮ್ಮಗ:

ಅದರ ಬಗ್ಗೆ ಒಂದಕ್ಷರ ಬರೆದಿಲ್ಲ ಬ್ರದರ್, ಇಲ್ಲ ಅಂತಲೇ ಹೇಳಿ. ಆದ್ರೆ ಪುಸ್ತಕ ಅಮ್ಮನ ಕೈಲೇ ಇದ್ರೆ 6ನೇ ವಾಕ್ಯದಿಂದ 9ರ ತನಕ ಓದೋಕೆ ಹೇಳಿ. ಹಣ್ಣು ಬಿಡದ ಅಂಜೂರದ ಮರ ಕಡಿದು ಹಾಕು ಅಂತ ಯಜಮಾನ ಹೇಳಿದ್ರೆ ತೋಟದ ಆಳು ಈ ಒಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕ್ತೀನಿ ಅಂತಾನೆ. ಕತೆ ಅಲ್ಲಿಗೇ ನಿಲ್ಲುತ್ತೆ, ಮರ ಹಣ್ಣು ಬಿಡ್ತೋ ಇಲ್ವೋ ಅಂತಾನೂ ಬರೆದಿಲ್ಲ. ತೋಟ ಮಾಡಿದವರು ಅದಕ್ಕೆ ಏನಂತಾರೆ ಅಂತ ನಂಗೂ ಕೇಳ್ಬೇಕು, ಅಮ್ಮ ಹೇಳಿದ್ದನ್ನ ಇಲ್ಲೇ ಬರೀರಿ.